ಇಳಿದು ಕುಡಿಯಲು ಒಂದು ದಂಡೆ

ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಅದೇ ಹೊಳೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಆಜರಾ ದಾಟಿ ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ಮುಗಿಲು ಕೈ ಬಿಗಿ ಮಾಡಿರುತ್ತದೆ. ನೂಲ, ಹಲಕರ್ಣಿ, ಬಸರ್ಗೆಯಂಥ ಕನ್ನಡ ಮಾತಿನ ಗಡಿಯೂರುಗಳ ಮಡ್ಡಿಗಳಲ್ಲಿ ಶ್ರಾವಣದಲ್ಲಿ ಕೆಂಪಾಗಿ ಹರಿದ ಹಳ್ಳ ಬೇಸಿಗೆಯ ಹೊಸ್ತಿಲಲ್ಲೇ ಬತ್ತುತ್ತದೆ. ಹೊಳೆಸಾಲಿನವರಿಗೆ ಬಂಧಾರಗಳಿವೆ. ಕಂಬಗಳ ನಡುವೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ ಈ ಕಟ್ಟೆಗಳು ‘ಕೊಲ್ಹಾಪುರ ಮಾದರಿ’ ಎಂಬ ಹೆಸರಿನಲ್ಲೇ ಕರ್ನಾಟಕದ ಹೊಳೆಗಳಿಗೂ ಬಂದಿವೆ. ಹೊಳೆಯಿಂದ ದೂರದ ಮಡ್ಡಿಗೆ ಆ ಭಾಗ್ಯವಿಲ್ಲ. ಅಲ್ಲಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಕೊಳ್ಳಬೇಕು.

ಅಂಥ ಒಡ್ಡಿನ ಹಿಂದೆ ನಿಂತ ನೀರು ಹೊಲದ ಯಜಮಾನನದೆಂದು ಉತಾರೆ ಹೇಳುತ್ತದೆ. ಆದರೆ ಕತ್ತಲಾದ ಮೇಲೆ ಅಲ್ಲಿಗೆ ಬರುವವರು ಬೇರೆ: ನರಿ, ಮೊಲ, ಮುಂಗುಸಿ, ಕಾಡುಹಂದಿ. ಅವರನ್ನೂ ಪಾಲುದಾರರೆಂದು ಎಣಿಸಿ ಒಡ್ಡು ಹಾಕಿದವರು ಎಷ್ಟು ಮಂದಿ?

ಒಬ್ಬರ ಹೆಸರು ನಾಡಿಗೆಲ್ಲ ಗೊತ್ತು. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೆಟ್ಟದಲ್ಲಿ ಹಕ್ಕಿ, ಮೃಗಗಳಿಗೆ ಕುಡಿಯಲು ಹನಿ ನೀರಿಲ್ಲವೆಂದು ಕಂಡು, ಕುರಿ ಮಾರಿ ಹಾರೆ ಗುದ್ದಲಿ ತಂದು ಕಟ್ಟೆ ತೋಡತೊಡಗಿದರು. ಪ್ರಶಸ್ತಿಯ ಹಣ ಬಂದಾಗ ಅದೂ ಕಟ್ಟೆಗಳಿಗೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಅವರ 16 ಕೆರೆಗಳ ಮಾತೆತ್ತಿದರು. ಸಾರಿಗೆ ಸಂಸ್ಥೆ ಜೀವನಪೂರ್ತಿ ಉಚಿತ ಬಸ್ ಪಾಸು ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅವರ ಕಟ್ಟೆಗಳು ದೊಡ್ಡವಲ್ಲ, ಎಂಜಿನಿಯರ್ ಎಳೆದ ನಕ್ಷೆಯೂ ಇರಲಿಲ್ಲ. ಯಾರಿಗಾಗಿ ತೋಡುತ್ತಿದ್ದೇನೆ ಎಂಬುದು ಮಾತ್ರ ಅವರಿಗೆ ಮೊದಲ ದಿನದಿಂದ ಸ್ಪಷ್ಟವಿತ್ತು. ಕೆಲಸದ ದೊಡ್ಡತನ ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಮಣ್ಣಿನ ಒಡ್ಡಿಗೆ ತನ್ನದೇ ಶಾಸ್ತ್ರವಿದೆ. ನಡುವೆ ನೀರು ಬಸಿಯದ ಎರೆಮಣ್ಣಿನ ಗೋಡೆ. ಅದು ನೆಲದ ಮೇಲಿಂದ ಶುರುವಾದರೆ ಸಾಲದು, ಗಟ್ಟಿ ನೆಲ ಸಿಗುವವರೆಗೆ ಕಂದಕ ತೆಗೆದು ಅಲ್ಲಿಂದಲೇ ಏಳಬೇಕು. ಎರೆ ಒಣಗಿದರೆ ಬಿರಿಯುತ್ತದೆ. ಅದಕ್ಕೇ ಎರಡೂ ಮಗ್ಗುಲಿಗೆ ಗರಸಿನ ಹೊದಿಕೆ. ಮಣ್ಣನ್ನು ಒಂದೇ ಸಲ ಸುರಿಯದೆ ತೆಳುವಾಗಿ ಹರವಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ ಏರಿಸಬೇಕು. ನೀರಿನ ಕಡೆಯ ಇಳಿಜಾರು ಮೂರಕ್ಕೆ ಒಂದರಂತೆ ಸಾವಕಾಶವಾಗಿರಲಿ, ಅಲೆ ಕೊರೆಯದಂತೆ ಅದಕ್ಕೆ ಕಲ್ಲು ಹಾಸಿರಲಿ. ಒಡ್ಡಿನ ಮೇಲೆ ಹುಲ್ಲು ಬೆಳೆಯಬಹುದು, ಮರ ಬೆಳೆಯಬಾರದು. ಸತ್ತ ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೋಡಿ. ಒಡ್ಡಿನ ತಲೆಯ ಮೇಲೆ ನೀರು ಹತ್ತಿತೆಂದರೆ ಮಣ್ಣು ನಿಲ್ಲುವುದಿಲ್ಲ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಘಟ್ಟದ ಆಚೆ, ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣದೊಂದು ಮಣ್ಣಿನ ಅಣೆಕಟ್ಟು ಒಡೆದು ಕೆಳಗಿನ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಸುಮಾರು ಇಪ್ಪತ್ತು ಜನ ಸತ್ತರು. ಏಡಿಗಳು ಒಡ್ಡನ್ನು ಕೊರೆದಿದ್ದವೆಂದು ಅಂದಿನ ಸಚಿವರೊಬ್ಬರು ಹೇಳಿದಾಗ ಜನ ಸಿಟ್ಟಿಗೆದ್ದರು. ನೀರು ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. ಏಡಿ, ಹೆಗ್ಗಣ, ಮುಳ್ಳುಹಂದಿ ಒಡ್ಡು ತೋಡುವುದು ನಿಜವೇ. ತೋಡಿದ್ದನ್ನು ನೋಡಿ ಮುಚ್ಚಬೇಕಾದದ್ದು ಮನುಷ್ಯನ ಕೆಲಸ. ಮಳೆಗೆ ಮುಂಚೆ ಒಮ್ಮೆ, ನೀರು ತುಂಬಿದ ಮೇಲೆ ಇನ್ನೊಮ್ಮೆ ಒಡ್ಡಿನ ಕೆಳಮಗ್ಗುಲಲ್ಲಿ ನಡೆದು ನೋಡಬೇಕು. ತಿಳಿನೀರು ಜಿನುಗುತ್ತಿದ್ದರೆ ಕಣ್ಣಿಟ್ಟಿರಬೇಕು. ಮಣ್ಣು ಬೆರೆತ ರಾಡಿ ನೀರು ಬರುತ್ತಿದ್ದರೆ ಅಂದೇ ಕೆರೆಯ ನೀರು ಇಳಿಸಬೇಕು, ಕೆಳಗಿನವರಿಗೆ ಸುದ್ದಿ ಮುಟ್ಟಿಸಬೇಕು.

ಈಗ ಹೊಲಗಳಲ್ಲಿ ಒಡ್ಡಿಗಿಂತ ಹೆಚ್ಚು ಕಾಣುವುದು ಹೊಂಡ. ಮಹಾರಾಷ್ಟ್ರದಲ್ಲಿ 2016ರಿಂದ ‘ಮಾಗೇಲ್ ತ್ಯಾಲಾ ಶೇತತಳೆ’, ಕರ್ನಾಟಕದಲ್ಲಿ 2014ರಿಂದ ಕೃಷಿಭಾಗ್ಯ. ರೈತರ ಬೆಳೆ ಉಳಿಸಿದ ಯೋಜನೆಗಳಿವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಕಡಿದಾಗಿ, ಪಾಚಿ ಕಟ್ಟಿ ನುಣ್ಣಗಿರುತ್ತದೆ. ಕುಡಿಯಲು ಬಗ್ಗಿದ ನರಿ ಜಾರಿ ಬಿದ್ದರೆ ಮೇಲೆ ಬರಲು ಉಗುರಿಗೆ ಹಿಡಿತವೇ ಸಿಗದು, ಈಜಿ ಈಜಿ ಸಾಯುತ್ತದೆ. ಮಕ್ಕಳೂ ಹೀಗೆ ಸತ್ತಿದ್ದಾರೆ. ನೀರು ಕೊಟ್ಟ ಜಾಗವೇ ಪ್ರಾಣ ತೆಗೆಯುವುದನ್ನು ಸಹಿಸಿಕೊಂಡು ಸುಮ್ಮನಿರಬಾರದು.

ಕೊಲ್ಹಾಪುರ ಜಿಲ್ಲೆಗೆ ಕಾಡುಪ್ರಾಣಿ, ಹಕ್ಕಿಗಳ ನೀರಿನ ಚಿಂತೆ ದೂರದ ಮಾತಲ್ಲ. 1958ರಲ್ಲೇ ಕಾಡುಕೋಣಗಳಿಗಾಗಿ ಅಭಯಾರಣ್ಯವಾದ ದಾಜಿಪುರ-ರಾಧಾನಗರಿ ಇರುವುದು ಇಲ್ಲೇ. ಕರ್ನಾಟಕದ ಕಾಡಿನಿಂದ ಆನೆಗಳು ಚಂದಗಡ, ಆಜರಾ ಕಡೆಗೆ ಬರತೊಡಗಿ ಎರಡು ದಶಕ ಕಳೆದಿವೆ. ಬಯಲಿನಲ್ಲಿ ಇಚಲಕರಂಜಿಯ ಮಗ್ಗುಲಲ್ಲಿ ಹರಿಯುವ ಪಂಚಗಂಗೆಯ ನೀರು ಕೊಳಕಾಗಿ ಮೀನು ಸತ್ತು ತೇಲುವುದುಂಟು. ಹೊಳೆ ಕೈಬಿಟ್ಟ ಮಿಂಚುಳ್ಳಿ, ಬೆಳ್ಳಕ್ಕಿಗಳಿಗೆ ಹೊಲದ ಸಣ್ಣ ಕೆರೆಯೇ ಆಸರೆ.

ಹಕ್ಕಿಗೆ ಬೇಕಾದದ್ದು ಆಳ ನೀರಲ್ಲ, ಅಂಚು. ಗೇಣುದ್ದ ನೀರಿನ ಕೆಸರಿನಲ್ಲಿ ಕಪ್ಪೆ ಮೊಟ್ಟೆಯಿಡುತ್ತದೆ, ಕೊಕ್ಕರೆ ಕಾಲೂರುತ್ತದೆ, ಅಲ್ಲಿನ ಜೊಂಡಿಗೆ ಕೊಡತಿಹುಳದ ಮರಿಗಳು ಅಂಟಿಕೊಳ್ಳುತ್ತವೆ. ಹಾಗೆಂದು ಪೂರಾ ಕೆರೆ ತೆಳುವಾಗಿದ್ದರೆ ಬೇಸಿಗೆಗೆ ಏನೂ ಉಳಿಯದು. ನಮ್ಮ ಬಿಸಿಲು ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರ್ ನೀರನ್ನು ಆವಿಯಾಗಿಸುತ್ತದೆ. ಆದ್ದರಿಂದ ಒಡ್ಡಿನ ಬುಡದಲ್ಲಿ ಮೂರು ಮೀಟರಿನ ಮಡು, ಎದುರು ದಿಕ್ಕಿಗೆ ಆಳವಿಲ್ಲದ ಓರೆ ದಂಡೆ, ಹೀಗಿದ್ದರೆ ಎರಡೂ ದಕ್ಕುತ್ತವೆ.

ಪ್ಲಾಸ್ಟಿಕ್ ಹೊಂಡ ಇರುವವರು ನಾಲ್ಕೂ ಮೂಲೆಗೆ ಗಂಟು ಹಾಕಿದ ದಪ್ಪ ತೆಂಗಿನ ಹಗ್ಗ, ಒಂದೆರಡು ಕಡೆ ನಾರಿನ ಚಾಪೆ ಇಳಿಬಿಟ್ಟು, ಸುತ್ತ ಬೇಲಿ ಹಾಕಿ, ಬೇಲಿಯ ಹೊರಗೆ ಒಂದು ತೊಟ್ಟಿ ಇಡಬಹುದು. ಹೊಸದಾಗಿ ಒಡ್ಡು ಹಾಕುವವರಿಗೆ ಕೆಲಸ ಇನ್ನೂ ಸುಲಭ. ಮೇ ತಿಂಗಳಲ್ಲಿ ಜೆಸಿಬಿ ಹೊಲಕ್ಕೆ ಬಂದು ನಿಂತಾಗಲೇ, ಒಡ್ಡಿನ ಎದುರಿನ ದಂಡೆಯನ್ನು ನಾಲ್ಕು ಮೀಟರ್ ಉದ್ದಕ್ಕೆ ಒಂದು ಮೀಟರ್ ಇಳಿಯುವಂತೆ ಓರೆಯಾಗಿ ಕೆರೆದುಕೊಡಲು ಡ್ರೈವರ್‌ಗೆ ಹೇಳಿದರಾಯಿತು.