ಎರೆ ನೆಲ ಕುಡಿಯದ ನೀರು

ವಿಜಯಪುರ, ಗದಗ, ರಾಯಚೂರು ಕಡೆಯ ಎರೆ ಭೂಮಿಯಲ್ಲಿ ಮಳೆಗಾಲ ಬಂತೆಂದರೆ ಮನೆಗಳ ಇಂಗುಗುಂಡಿ ಉಕ್ಕುವುದುಂಟು. ಗಾಡಿ ಕರೆಸಿ ಖಾಲಿ ಮಾಡಿಸಿದರೂ ಬೇಗನೆ ಮತ್ತೆ ತುಂಬುತ್ತದೆ. ಆಗ ಸುಲಭಕ್ಕೆ ಸಿಗುವ ಸಲಹೆ, ಪಕ್ಕದಲ್ಲಿ ಇನ್ನೊಂದು ಗುಂಡಿ, ಇನ್ನಷ್ಟು ಆಳಕ್ಕೆ. ಆದರೆ ಇಲ್ಲಿ ಹೊಸ ವ್ಯವಸ್ಥೆ ಕೆಳಕ್ಕೆ ಇಳಿಯಬಾರದು, ಮೇಲಕ್ಕೆ ಏರಬೇಕು. ಸೆಪ್ಟಿಕ್ ಟ್ಯಾಂಕ್ ಮಾಡುವುದು ಅರ್ಧ ಕೆಲಸವಷ್ಟೇ. ಒಂದೆರಡು ದಿನ ನಿಂತ ಕೊಳಚೆಯಲ್ಲಿ ಗಸಿ ತಳ ಸೇರುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರು ರೋಗಾಣುಗಳ ಸಮೇತ ಹೊರಗೆ ಹರಿಯುತ್ತದೆ. ಅದನ್ನು ಶುದ್ಧ ಮಾಡುವುದು ಗಾಳಿಯಾಡುವ ಮಣ್ಣು ಮತ್ತು ಅದರ ಕಣಗಳಿಗೆ ಅಂಟಿ ಬದುಕುವ ಸೂಕ್ಷ್ಮಜೀವಿಗಳು.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬಿ, ಇದ್ದಬದ್ದ ಸಂದುಗಳೆಲ್ಲ ಮುಚ್ಚುತ್ತವೆ. ಸಾಲದ್ದಕ್ಕೆ, ಟ್ಯಾಂಕಿನಿಂದ ಬಂದ ನೀರನ್ನೇ ಉಂಡು ಬೆಳೆಯುವ ಬ್ಯಾಕ್ಟೀರಿಯಾಗಳು ಗುಂಡಿಯ ಗೋಡೆಗೆ ಕಪ್ಪು ಲೋಳೆಯ ಪದರ ಕಟ್ಟುತ್ತವೆ. ಗಾಳಿ ಸಿಕ್ಕರೆ ಈ ಲೋಳೆ ಕೊಳೆತು ತೆಳುವಾಗುತ್ತದೆ. ಆಳದಲ್ಲಿ ಗಾಳಿಯೇ ಇಲ್ಲ. ತೀರಾ ಕೆಳಗೆ ಗರಸು ಅಥವಾ ಬಿರುಕುಬಿಟ್ಟ ಕಲ್ಲು ಸಿಕ್ಕರೆ ನೀರು ಇಂಗಬಹುದು, ಮನೆಯವರಿಗೆ ಸಮಾಧಾನವೂ ಆಗಬಹುದು. ಆದರೆ ಅದು ಸೋಸದೆ ಅಂತರ್ಜಲಕ್ಕೆ ಇಳಿದ ಕೊಳಚೆ. ಬತ್ತಿದ ಬೋರ್‌ವೆಲ್‌ಗೆ ಪೈಪ್ ಬಿಡುವುದಂತೂ ಊರಿಗೇ ಮಾಡುವ ದ್ರೋಹ.

ಆದ್ದರಿಂದ ವಿನ್ಯಾಸ ಆರಂಭವಾಗಬೇಕಾದದ್ದು ನೆಲದ ಪರೀಕ್ಷೆಯಿಂದ. ಇಂಗಿಸಬೇಕೆಂದಿರುವ ಮಟ್ಟಕ್ಕೆ ಸಣ್ಣ ಕುಳಿ ತೋಡಿ, ತಳಕ್ಕೆ 5 ಸೆಂ.ಮೀ. ಜಲ್ಲಿ ಹಾಕಿ, ರಾತ್ರಿಯಿಡೀ ನೀರು ನಿಲ್ಲಿಸಬೇಕು. ಮರುದಿನ ಮತ್ತೆ ನೀರು ತುಂಬಿ, ಅದು 2.5 ಸೆಂ.ಮೀ. ಇಳಿಯಲು ಎಷ್ಟು ನಿಮಿಷ ಬೇಕೆಂದು ಅಳೆಯಬೇಕು. ರಾತ್ರಿ ನೆನೆಸುವುದನ್ನು ಬಿಡುವಂತಿಲ್ಲ: ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ನೆಲ ಬಿಂದಿಗೆಗಟ್ಟಲೆ ನೀರನ್ನು ಬಿರುಕಿನೊಳಗೆ ನುಂಗಿ, ಉತ್ತಮ ಮಣ್ಣೆಂಬ ಸುಳ್ಳು ಸಾಕ್ಷಿ ಹೇಳುತ್ತದೆ. ಭಾರತೀಯ ಮಾನಕ 2470ರ ಪ್ರಕಾರ 30 ನಿಮಿಷದೊಳಗಾದರೆ ಇಂಗುಗುಂಡಿ ಸಾಕು, 60ರವರೆಗೆ ಉದ್ದನೆಯ ಇಂಗುಕಾಲುವೆ ಬೇಕು, ಅದನ್ನೂ ಮೀರಿದರೆ ಬೇರೆ ದಾರಿಯನ್ನೇ ಹುಡುಕಬೇಕು. ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರವನ್ನೂ ಅದು ಕೇಳುತ್ತದೆ.

ಆ ಬೇರೆ ದಾರಿಗಳಲ್ಲಿ ಒಂದು ದಿಬ್ಬ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ರೂಪ ಪಡೆದ ಈ ವಿಧಾನದಲ್ಲಿ ನೆಲದ ಮೇಲೆ ಸುಮಾರು 60 ಸೆಂ.ಮೀ. ಮರಳು ಹಾಸಿ, ಅದರ ಮೇಲೆ ಜಲ್ಲಿ, ತೂತುಗಳಿರುವ ಪೈಪು, ಮೇಲುಮಣ್ಣು, ಹುಲ್ಲು. ಪಂಪು ದಿನಕ್ಕೆ ಕೆಲವು ಬಾರಿ ಅಳತೆ ಮಾಡಿ ನೀರು ಬಿಡುತ್ತದೆ. ನಡುವಿನ ಬಿಡುವಿನಲ್ಲಿ ಮರಳಿಗೆ ಗಾಳಿ ಸೇರುತ್ತದೆ. ಶುದ್ಧೀಕರಣ ಮರಳಿನಲ್ಲೇ ಮುಗಿಯುವುದರಿಂದ ಜೇಡಿಯ ಪಾಲಿಗೆ ಉಳಿಯುವುದು ನಿಧಾನವಾಗಿ ನೀರು ಹೀರುವ ಕೆಲಸ. ಉತ್ತರ ಕರ್ನಾಟಕದ ಒಣ ಹವೆ ಇನ್ನೊಂದು ಅನುಕೂಲ: ದಿಬ್ಬದ ಮೇಲಿನ ಗಿಡಗಳು ವರ್ಷದ ಹೆಚ್ಚು ಕಾಲ ನೀರನ್ನು ಆವಿಯಾಗಿಸುತ್ತವೆ. ಮಳೆಗಾಲದಲ್ಲಿ ಈ ನೆರವು ಸಿಗದು, ಹಾಗಾಗಿ ಲೆಕ್ಕ ಹಾಕುವುದು ಮಳೆಗಾಲಕ್ಕೇ. ಸ್ನಾನದ, ಬಟ್ಟೆಯ ನೀರನ್ನು ಬೇರೆ ಮಾಡಿ ಬಾಳೆ, ತೆಂಗಿಗೆ ಬಿಟ್ಟರೆ ದಿಬ್ಬದ ಹೊರೆ ಬಹಳ ಇಳಿಯುತ್ತದೆ.

ಖರ್ಚು ಹೆಚ್ಚು, ಕರೆಂಟು ಬೇಕು ಎಂಬ ಆಕ್ಷೇಪ ನಿಜವೇ. ಆದರೆ ಮತ್ತೆ ಮತ್ತೆ ಗಾಡಿ ಕರೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟ್ಯಾಂಕಿಗೆ ಬ್ಯಾಕ್ಟೀರಿಯಾ ಪುಡಿ ಸುರಿದರೆ ಸಾಲದೇ ಎಂದರೆ, ಮಲದಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾಗಳಿವೆ, ಉಬ್ಬಿದ ಜೇಡಿಗೆ ಪುಡಿ ಏನೂ ಮಾಡದು. ಜಾಗದ ಪ್ರಶ್ನೆ ಮಾತ್ರ ಗಟ್ಟಿ. 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ದಿಬ್ಬಕ್ಕೆ ಎಡೆಯಿಲ್ಲ. ಅಲ್ಲಿ ಕೆಲವು ಮನೆಗಳು ಸೇರಿ ಒಂದು ಘಟಕ ಮಾಡುವುದು ಅಥವಾ ಸೋರದ ಟ್ಯಾಂಕ್ ಕಟ್ಟಿ ಯಂತ್ರದಿಂದಲೇ ಖಾಲಿ ಮಾಡಿಸುವುದು ಲೇಸು. ಜಾಗ ಇರುವವರು ಜೆಸಿಬಿ ಕರೆಸುವ ಮೊದಲು ಒಂದು ರಾತ್ರಿ ಕುಳಿಯಲ್ಲಿ ನೀರು ನಿಲ್ಲಿಸಿ ನೋಡಲಿ.