ಟೇಬಲ್ ರಚಿಸಲು ಕಲಿತ ಮೇಲೆ ಮುಂದೇನು?

ದ್ವಿತೀಯ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆಲ್ಲ ಡೇಟಾಬೇಸ್ ಪಾಠವಿದೆ. ಟೇಬಲ್ ರಚಿಸುವುದು, ಸಾಲು ಸೇರಿಸುವುದು, ಸೆಲೆಕ್ಟ್ ಬರೆದು ಬೇಕಾದ ಮಾಹಿತಿ ಹೊರತೆಗೆಯುವುದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅಂಗಡಿ, ಬ್ಯಾಂಕು, ಸರ್ಕಾರಿ ಕಚೇರಿಗಳಿಗೆ ತಂತ್ರಾಂಶ ಬರೆಯುವವರಿಗೆ ಇದು ಅಕ್ಷರಾಭ್ಯಾಸ ಮಾತ್ರ. ಅವರಿಗೆ ಕೊಡುವ ಮುಂದಿನ ಹಂತದ ತರಬೇತಿಯಲ್ಲಿ ಹೊಸ ಆದೇಶಗಳು ಕಡಿಮೆ. ಲೆಕ್ಕ ತಪ್ಪದಂತೆ ಕಾಯುವುದು ಹೇಗೆ ಎಂಬುದೇ ಅಲ್ಲಿನ ಮುಖ್ಯ ಪಾಠ.

ನಮ್ಮ ಮನೆಗಳಲ್ಲಿರುವ ಪಹಣಿಯನ್ನೇ ನೋಡಿ. ಗ್ರಾಮಕರಣಿಕರು ಕೈಯಲ್ಲಿ ಬರೆಯುತ್ತಿದ್ದ ಈ ದಾಖಲೆಗಳನ್ನು ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಡಿ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು. ಇವನ್ನು ಟೈಪ್ ಮಾಡುವುದು ದೊಡ್ಡ ಶ್ರಮ, ನಿಜ. ಆದರೆ ಜಾಣತನ ಬೇಕಾದದ್ದು ಬೇರೆ ಕಡೆ. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ನಿಯಮಗಳನ್ನು ತಂತ್ರಾಂಶದೊಳಗೇ ಕೂರಿಸಲಾಯಿತು. ಯಾರು ತಿದ್ದಿದರು ಎಂದು ಕೇಳಿದರೆ ಉತ್ತರ ಸಿಗಬೇಕಲ್ಲ!

ಈಗ ನಾವುಂದದ ಒಬ್ಬ ಮೀನು ವ್ಯಾಪಾರಿಯನ್ನು ಊಹಿಸಿಕೊಳ್ಳಿ. 20 ಬಾಕ್ಸ್ ಬಂಗುಡೆ ಸಾಲಕ್ಕೆ ಕೊಡುತ್ತಾರೆ. ತಂತ್ರಾಂಶ ಎರಡು ಕೆಲಸ ಮಾಡಬೇಕು: ದಾಸ್ತಾನಿನಿಂದ 20 ಕಳೆಯಬೇಕು, ಗಿರಾಕಿಯ ಬಾಕಿಗೆ ಹಣ ಸೇರಿಸಬೇಕು. ಮೊದಲನೆಯದು ಮುಗಿದ ಕ್ಷಣಕ್ಕೆ ಕರೆಂಟ್ ಹೋಯಿತು (ಮಳೆಗಾಲದಲ್ಲಿ ಇದನ್ನು ಊಹಿಸಲು ನಮಗೇನೂ ಕಷ್ಟವಿಲ್ಲ). ಮೀನೂ ಹೋಯಿತು, ಹಣವೂ ಬರೆದಿಲ್ಲ. ಇದನ್ನು ತಪ್ಪಿಸುವ ಏರ್ಪಾಡೇ ಟ್ರಾನ್ಸಾಕ್ಷನ್. ಎರಡೂ ಕೆಲಸ ಮುಗಿದರೆ 'ಕಮಿಟ್', ಒಂದು ಕೆಟ್ಟರೂ 'ರೋಲ್‌ಬ್ಯಾಕ್', ಅಂದರೆ ಏನೂ ನಡೆದೇ ಇಲ್ಲವೆಂಬಂತೆ ಹಿಂದಿನ ಸ್ಥಿತಿಗೆ. ಟೇಬಲ್‌ಗಳ ಈ ಸಂಬಂಧಾತ್ಮಕ ಮಾದರಿಯನ್ನು 1970ರಲ್ಲಿ ಮುಂದಿಟ್ಟವರು ಎಡ್ಗರ್ ಕಾಡ್. ಟ್ರಾನ್ಸಾಕ್ಷನ್ ಕುರಿತ ಕೆಲಸಕ್ಕಾಗಿ ಜಿಮ್ ಗ್ರೇ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದರು.

ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ಹೊಸತಲ್ಲ. ಡೆಬಿಟ್ ಬರೆದ ಮೇಲೆ ಕ್ರೆಡಿಟ್ ಬರೆಯದೆ ಪುಸ್ತಕ ಮುಚ್ಚುವಂತಿಲ್ಲ ಎಂದು ಅವರು ಪ್ರಥಮ ಪಿಯುಸಿಯಲ್ಲೇ ಕಲಿತಿದ್ದಾರೆ. ತಪ್ಪು ನಮೂದನ್ನು ಅಳಿಸದೆ ತಿದ್ದುಪಡಿ ನಮೂದು ಬರೆಯುವ ಪದ್ಧತಿಯೂ ಹಾಗೆಯೇ: ಒಳ್ಳೆಯ ಲೆಕ್ಕದ ತಂತ್ರಾಂಶದಲ್ಲಿ ಹಳೆಯ ಸಾಲನ್ನು ಡಿಲೀಟ್ ಮಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಕೋಡ್ ಮಾತ್ರ ಬಲ್ಲವರಿಗಿಂತ ಲೆಕ್ಕಶಾಸ್ತ್ರ ಬಲ್ಲವರು ಈ ಕ್ಷೇತ್ರದಲ್ಲಿ ಬೇಗ ಪಳಗುತ್ತಾರೆ.

ಇನ್ನೊಂದು ಸಮಸ್ಯೆ ಏಕಕಾಲದ್ದು. ಬೆಂಗಳೂರಿನಿಂದ ಬೈಂದೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ, ಇಬ್ಬರು ಒಂದೇ ಹೊತ್ತಿಗೆ ಒತ್ತಿದರು. ಇಬ್ಬರ ಪರದೆಯಲ್ಲೂ 'ಖಾಲಿ' ಎಂದಿತ್ತು. ಮೊದಲು ತಲುಪಿದವರ ಕೆಲಸ ಮುಗಿಯುವ ತನಕ ಆ ಸಾಲಿಗೆ ಬೀಗ ಹಾಕುವುದನ್ನು ಲಾಕಿಂಗ್ ಎನ್ನುತ್ತಾರೆ. ತೀರಾ ಹೆಚ್ಚು ಬೀಗ ಹಾಕಿದರೆ ಎಲ್ಲರೂ ಕಾಯುತ್ತಾ ಕೂರಬೇಕು. ಎಷ್ಟು, ಎಲ್ಲಿ ಎಂಬುದು ಅಭ್ಯಾಸದಿಂದಲೇ ಬರುವ ವಿದ್ಯೆ.

ಹೆಸರುಗಳ ವಿಷಯ ನಮಗೆ ಇನ್ನೂ ಹತ್ತಿರದ್ದು. ಮೊಹಮ್ಮದ್, ಮಹಮ್ಮದ್, ಮುಹಮ್ಮದ್: ಆಧಾರಿನಲ್ಲೊಂದು, ಅಂಕಪಟ್ಟಿಯಲ್ಲೊಂದು. ಕಂಪ್ಯೂಟರಿಗೆ ಇವರು ಮೂವರು! ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಫಾತಿಮಾ ಇದ್ದರೆ ತೊಂದರೆ ತಿರುಗುಮುರುಗು. ಆದ್ದರಿಂದ ಹೆಸರನ್ನು ಪ್ರೈಮರಿ ಕೀ ಮಾಡಬಾರದು, ಪ್ರತಿಯೊಬ್ಬರಿಗೂ ಬದಲಾಗದ ಸಂಖ್ಯೆ ಬೇಕು. ವಿದ್ಯಾರ್ಥಿವೇತನದ ಅರ್ಜಿ ಹೆಸರು ಹೊಂದದೆ ವಾಪಸ್ ಬಂದವರಿಗೆ ಇದರ ಬೆಲೆ ಗೊತ್ತು.

ಹಣವನ್ನು ಫ್ಲೋಟ್‌ನಲ್ಲಿ ಇಡಬಾರದೆಂಬುದಕ್ಕೆ ಪೈಥಾನ್‌ನಲ್ಲಿ 0.1 + 0.2 ಎಂದು ಕೊಟ್ಟು ನೋಡಿ, 0.30000000000000004 ಬರುತ್ತದೆ. ಡೇಟಾಬೇಸಿನಲ್ಲಿ ಅದಕ್ಕೆ ಡೆಸಿಮಲ್ ಇದೆ. ಬಳಕೆದಾರ ಟೈಪಿಸಿದ್ದನ್ನು ನೇರವಾಗಿ ಆದೇಶಕ್ಕೆ ಅಂಟಿಸಿದರೆ ಕಳ್ಳರು ತಮ್ಮ ಆದೇಶವನ್ನೇ ಒಳಗೆ ತೂರಿಸಬಲ್ಲರು. ಅದನ್ನು ತಡೆಯುವ ಕ್ರಮವೂ ತರಬೇತಿಯ ಭಾಗ. ಇನ್ನು ಇಂಡೆಕ್ಸ್: ಪ್ರತಿ ಹಂತದಲ್ಲಿ 100 ಕವಲುಗಳಿದ್ದರೆ ನಾಲ್ಕೇ ಹೆಜ್ಜೆಯಲ್ಲಿ 10 ಕೋಟಿ ದಾಖಲೆಗಳಲ್ಲಿ ಒಂದನ್ನು ಹುಡುಕಬಹುದು.

ಇದನ್ನೆಲ್ಲ ಕಲಿಯಲು ಈಗಲೇ ದುಬಾರಿ ಕೋರ್ಸ್ ಬೇಕಿಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯುಲೈಟ್ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಡೇಟಾಬೇಸ್ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಮೊದಲ ಅಭ್ಯಾಸಕ್ಕೆ ಗ್ರಂಥಾಲಯವನ್ನೇ ತೆಗೆದುಕೊಳ್ಳಿ: ಪುಸ್ತಕ, ವಿದ್ಯಾರ್ಥಿ, ಎರವಲು ಎಂದು ಮೂರು ಟೇಬಲ್. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಕಿಟಕಿ ತೆರೆದು, ಒಂದೇ ಪ್ರತಿಯಿರುವ ಪುಸ್ತಕವನ್ನು ಇಬ್ಬರಿಗೆ ಒಟ್ಟಿಗೆ ಕೊಡಲು ಪ್ರಯತ್ನಿಸಿ. ಇಬ್ಬರಿಗೂ ಸಿಕ್ಕಿತೆಂದು ಬಂದರೆ ಬೀಗ ಎಲ್ಲಿ ಹಾಕಬೇಕಿತ್ತೆಂದು ಹುಡುಕಿ.