ಬದನವಾಳು ಅಂದರೆ ಬರೀ 1993 ಅಲ್ಲ

ಬದನವಾಳು ಅಂದ ಕೂಡಲೇ ಹಲವರಿಗೆ ನೆನಪಾಗೋದು 1993ರ ಮಾರ್ಚ್. ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೇ ಮೂವರು ದಲಿತರ ಕೊಲೆಯಾಯ್ತು. ಇದನ್ನ ಮರೆಯಬಾರದು, ಮುಚ್ಚಿಡಲೂಬಾರದು.

ಆದರೆ ನಂಜನಗೂಡು ತಾಲ್ಲೂಕಿನ ಈ ಊರಿಗೆ ಇನ್ನೊಂದು ಚರಿತ್ರೆಯೂ ಇದೆ. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ನೂಲು ತೆಗೆದು, ಮಗ್ಗ ನಡೆಸಿ ಇಲ್ಲಿನ ಖಾದಿ ಕೇಂದ್ರವನ್ನ ಉಳಿಸಿಕೊಂಡು ಬಂದವರು ಹೆಣ್ಣುಮಕ್ಕಳು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡಿದ್ದು ಇದೇ ಜಾಗ. 1993ರ ಗಲಭೆಯ ನಂತರ ಬಳಕೆ ತಪ್ಪಿದ್ದ, ದಲಿತರ ಮತ್ತು ಲಿಂಗಾಯತರ ಕೇರಿಗಳ ನಡುವಿನ ದಾರಿ 2022ರಲ್ಲಿ ಮತ್ತೆ ತೆರೆಯಿತು.

ಹಾಗಾದರೆ ಬದನವಾಳಿಗೆ ಒಳ್ಳೆ ಹೆಸರು ಸಲ್ಲಬೇಕಾ? ನೂಲುವ ಕೈಗಳಿಗೆ ಇವತ್ತೇ ಸಲ್ಲಬೇಕು. ಇಡೀ ಊರಿಗೆ ಸಲ್ಲಬೇಕಾದರೆ, ಆ ದಾರಿಯಲ್ಲಿ ಎಲ್ಲರೂ ಸರಿಸಮಾನರಾಗಿ ಓಡಾಡಬೇಕು.